ರಾಣಿ ಕೋಣೆಯ ಮುಟ್ಟಬೇಡಮ್ಮ

ನಮ್ಮ ಕೋಟೆ ನೋಡಿಕೊಂಡು ಹೋದವರ ಮೊಬೈಲು ತೆಗೆದು ನೋಡಿದರೆ, ರಾಣಿಯ ಮಂಚದ ಫೋಟೋದ ಅಂಚಿನಲ್ಲಿ ಒಂದು ಮೊಣಕೈ, ಇಲ್ಲವೇ ಬೂದು ಬಣ್ಣದ ಕೋಟಿನ ತುದಿ ಖಂಡಿತ ಸಿಗುತ್ತದೆ. ಫೋಟೋ ತೆಗೆಯುವವರು ಆ ಕೋಟಿನ ಹೆಂಗಸನ್ನು ಚೌಕಟ್ಟಿನಿಂದ ಆಚೆ ಬಿಡಲು ಬಹಳ ಒದ್ದಾಡುತ್ತಿದ್ದರು. ಆಗುತ್ತಿರಲಿಲ್ಲ, ಕೋಣೆ ಅಷ್ಟು ಚಿಕ್ಕದು. ಮಂಚದ ಪಕ್ಕದ ಮರದ ಕುರ್ಚಿಯಲ್ಲಿ ಇಪ್ಪತ್ತೇಳು ವರ್ಷ ಕೂತು ಕಾವಲು ಕಾದ ಅವರಿಗೆ ನಾವು ಕೆಲಸದವರು ಇಟ್ಟಿದ್ದ ಹೆಸರು ಮುಟ್ಟಬೇಡಮ್ಮ. ಎದುರಿಗೆ ಮಾತ್ರ ಅಕ್ಕ. ಅಡ್ಡಹೆಸರು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದುಬಿಟ್ಟಿದ್ದರು.

ನಾನು ಹೆಬ್ಬಾಗಿಲ ಪಕ್ಕ ಚೀಲ ಇಡುವ ಕಿಂಡಿಯವನು. ಬಂದವರ ಚೀಲ ತೆಗೆದುಕೊಂಡು ಹಿತ್ತಾಳೆಯ ಬಿಲ್ಲೆ ಕೊಡುವುದು, ಹೋಗುವಾಗ ಬಿಲ್ಲೆ ತೆಗೆದುಕೊಂಡು ಚೀಲ ಕೊಡುವುದು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ದಿನಕ್ಕೆ ಆರುನೂರು ಜನ ಬಂದು, ಬರೋಬ್ಬರಿ ಆರುನೂರು ಸಲ ‘ಶೌಚಾಲಯ ಎಲ್ಲಿದೆ’ ಎಂದು ಕೇಳಿದರೆ ಅವಳ ಕೋಪ ಎಲ್ಲಿರುತ್ತಿತ್ತೋ ನೋಡಬೇಕಿತ್ತು.

ನನಗೆ ಇನ್ನೊಂದು ಕೆಲಸವೂ ಇತ್ತು. ಹೊರಹೋಗುವ ದಾರಿಯಲ್ಲಿ, ನನ್ನ ಕಿಂಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಒಂದು ಓರೆ ಮೇಜಿನ ಮೇಲೆ ಸಂದರ್ಶಕರ ಪುಸ್ತಕ ಇಟ್ಟಿದ್ದಾರೆ. ಹೆಸರು, ವಿಳಾಸ, ಕೋಟೆಯಲ್ಲಿ ಇಷ್ಟವಾದದ್ದು, ಕೊನೆಗೆ ‘ಮತ್ತೆ ಬರುವಿರಾ?’ ಎಂದು ನಾಲ್ಕು ಕಲಮುಗಳು. ತಿಂಗಳ ಕೊನೆಯಲ್ಲಿ ನಾನು ಪೆನ್ಸಿಲ್ ಹಿಡಿದು ಕೂತು ಆ ಕೊನೆಯ ಕಲಮನ್ನು ಎಣಿಸಿ, ಇಷ್ಟು ‘ಹೌದು’, ಇಷ್ಟು ‘ಇಲ್ಲ’ ಎಂದು ಮೇಲಿನ ಕಚೇರಿಗೆ ವರದಿ ಕಳಿಸಬೇಕು. ಹೌದಿಗೆ ಒಂದು ಚುಕ್ಕೆ, ಇಲ್ಲಕ್ಕೆ ಒಂದು ಅಡ್ಡಗೆರೆ. ‘ನೋಡೋಣ’, ‘ಕಾಲುನೋವು ಕಡಿಮೆಯಾದರೆ’, ‘ಲಿಫ್ಟ್ ಹಾಕಿಸಿ, ಆಮೇಲೆ ಹೇಳುತ್ತೇನೆ’ ಎಂದೆಲ್ಲ ಬರೆಯುವ ಅಧಿಕಪ್ರಸಂಗಿಗಳೂ ಇರುತ್ತಾರೆ. ನಮೂನೆಯಲ್ಲಿ ಅವರಿಗೆ ಜಾಗ ಇಲ್ಲ. ಹೌದು ಅಲ್ಲದ್ದೆಲ್ಲ ಇಲ್ಲ ಎಂದು ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಉಳಿದ ಕಲಮುಗಳನ್ನು ನಾನು ಒಂದು ದಿನವೂ ಓದಿದವನಲ್ಲ.

ಅಕ್ಕನ ಕೆಲಸ ಇನ್ನೂ ಸಣ್ಣದು, ಇನ್ನೂ ಕಷ್ಟದ್ದು. ಜನ ರಾಣಿಯ ಮಂಚವನ್ನು, ಜರಿ ಹೊದಿಕೆಯನ್ನು, ಕಿಟಕಿಯ ಪರದೆಯನ್ನು ಮುಟ್ಟದಂತೆ ನೋಡಿಕೊಳ್ಳಬೇಕು. ಬಂದವರ ಜೊತೆ ಹರಟುವ ಹಾಗಿಲ್ಲ. ಬದಲಿಯವರು ಬರದೆ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಹೊಸದಾಗಿ ಸೇರಿದವರಿಗೆ ಅವರು ಕಲಿಸುತ್ತಿದ್ದುದು ಒಂದೇ ಪಾಠ.

"ಮುಖ ನೋಡಬೇಡಿ. ಮುಖ ನೋಡ್ತಾ ಕೂತ್ರೆ ಕೈ ತಪ್ಪಿಹೋಗುತ್ತೆ. ತಪ್ಪು ಮಾಡೋದು ಕೈ, ಮುಖ ಅಲ್ಲ."

ಹಾಗಾಗಿ ಅವರಿಗೆ ಜನ ನೆನಪಿರುತ್ತಿದ್ದುದು ಕೈಗಳಿಂದಲೇ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ, "ಇವತ್ತೊಂದು ಕೈ ಬಂದಿತ್ತು ನೋಡು, ಉಗುರಿಗೆಲ್ಲ ಬಣ್ಣ, ಮೂರು ಸಲ ಪರದೆ ಎಳೀತು" ಎನ್ನುತ್ತಿದ್ದರು. ಆ ಕೈಯ ಒಡತಿ ಮುದುಕಿಯೋ ಹುಡುಗಿಯೋ ಎಂದು ಕೇಳಿದರೆ ಗೊತ್ತಿರುತ್ತಿರಲಿಲ್ಲ. ನಾನು ನಗುತ್ತಿದ್ದೆ. ಚೀಲಗಳನ್ನು ಮಾತ್ರ ನೆನಪಿಟ್ಟುಕೊಳ್ಳುವ ನಾನು ನಗುತ್ತಿದ್ದೆ ಎನ್ನುವುದನ್ನು ಈಗ ಹೇಳಲು ನಾಚಿಕೆಯಾಗುತ್ತದೆ.

ಅಷ್ಟು ವರ್ಷದಲ್ಲಿ ಅವರಿಗೆ ಎರಡು ಸಲ ಬಡ್ತಿ ಬಂತು. ಒಮ್ಮೆ ಕಚೇರಿಯೊಳಗೆ, ಹೀಟರಿನ ಪಕ್ಕ ಮೇಜು ಕೊಡುತ್ತೇವೆ ಎಂದರು. ನಮ್ಮ ಕೋಟೆಯ ಕಲ್ಲುಗೋಡೆ ಚಳಿಗಾಲದಲ್ಲಿ ಮೂಳೆಯೊಳಗೆ ಇಳಿಯುತ್ತದೆ, ಬೇರೆ ಯಾರಾದರೂ ಆಗಿದ್ದರೆ ಕುಣಿದುಕೊಂಡು ಹೋಗುತ್ತಿದ್ದರು. ಅವರು ಎರಡು ಸಲವೂ ಬೇಡ ಎಂದರು. ರಜೆಯನ್ನೂ ಹಾಕುತ್ತಿರಲಿಲ್ಲ. ಜ್ವರ ಬಂದರೆ ಕಂಬಳಿ ಹೊದ್ದು ಬಂದು ಕೂರುತ್ತಿದ್ದರು. ರಾಣಿಯ ಮಂಚ ಸೊಸೆಗೆ ಬರೆದುಕೊಡುತ್ತಾರೇನೋ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಸೊಸೆ ಎಲ್ಲಿಂದ ಬರಬೇಕು, ಅವರಿಗೆ ಮದುವೆಯೇ ಆಗಿರಲಿಲ್ಲ.

ಕಾರಣ ಏನೆಂದು ನನಗೆ ಗೊತ್ತಾದದ್ದು ಒಂದು ಸಲ ಅವರು ನಿಜವಾಗಿಯೂ ಏಳಲಾರದೆ ಮನೆಯಲ್ಲಿ ಮಲಗಿದಾಗ. ಮಾತ್ರೆ ಕೊಡಲು ಹೋಗಿದ್ದೆ. ಮೆಟ್ಟಿಲು ಹತ್ತಿ ಹೋದರೆ ಒಂದೇ ಕೋಣೆ. ಗೋಡೆಯ ಗೂಡಿನಲ್ಲಿ ಎರಡು ಲೋಟ ಇದ್ದವು, ಒಂದರ ಒಳಗೆ ಧೂಳು. ಗೋಡೆಗೆ ಒತ್ತಿ ಎರಡು ಮಂಚ. ಒಂದರ ಮೇಲೆ ಅವರು ಮುದುಡಿ ಮಲಗಿದ್ದರು. ಇನ್ನೊಂದಕ್ಕೆ ಒಂದು ಸುಕ್ಕೂ ಇಲ್ಲದಂತೆ ಹೊದಿಕೆ ಹಾಸಿ, ಅಂಚನ್ನೆಲ್ಲ ಒಳಗೆ ಮಡಿಸಿ, ಥೇಟ್ ರಾಣಿಯ ಮಂಚದ ಹಾಗೆ ಇಟ್ಟಿದ್ದರು. ಬೇರೆ ಜಾಗ ಕಾಣದೆ ನಾನು ಅದರ ಮೇಲೆ ಕೂರಲು ಹೋದೆ.

"ಮುಟ್ಟಬೇಡ!" ಎಂದರು. ಜ್ವರದಲ್ಲೂ ಅದೇ ದನಿ. ಆಮೇಲೆ ಅವರಿಗೇ ಏನೋ ಅನ್ನಿಸಿ, "ತಂಗಿದು" ಎಂದರು.

ತಾಯಿ ಸತ್ತಾಗ ತಂಗಿಗೆ ಆರು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ತಲೆ ಬಾಚಿ, ಶಾಲೆಗೆ ಕಳಿಸಿ, ಬೈದು, ತಬ್ಬಿ, ತಾಯಿಯ ಜಾಗದಲ್ಲಿ ನಿಂತು ಬೆಳೆಸಿದವರು ಇವರು. ಒಲೆಯ ಮುಂದೆ ಇವರು ಅಡುಗೆ ಮಾಡುತ್ತಿದ್ದರೆ ಆ ಪುಟ್ಟ ಹುಡುಗಿ ಬಿಸಿ ಪಾತ್ರೆಗೆ ಕೈ ಚಾಚುತ್ತಿತ್ತಂತೆ. ಮುಟ್ಟಬೇಡ ಎಂದರೆ, "ಸರಿ, ಮುಟ್ಟಲ್ಲ" ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೊಡ್ಡ ಸಾಹೇಬರ ಹಾಗೆ ಮನೆಯಲ್ಲೆಲ್ಲ ಓಡಾಡುತ್ತಿತ್ತಂತೆ. ಅದನ್ನು ಹೇಳುವಾಗ ಅಕ್ಕ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಂಗಿಗೆ ಇಪ್ಪತ್ತೊಂಬತ್ತು ತುಂಬಿದಾಗ ಒಬ್ಬನನ್ನು ಮೆಚ್ಚಿದಳು. ಕೋಟೆಗೆ ಪ್ರವಾಸಿಗರನ್ನು ಕರೆತರುತ್ತಿದ್ದ ಬಸ್ಸಿನ ಡ್ರೈವರ್. ಅಕ್ಕ ಒಪ್ಪಲಿಲ್ಲ. ಇವತ್ತು ಈ ಊರು ನಾಳೆ ಆ ಊರು ಎನ್ನುವವನ ಜೊತೆ ಏನು ಸಂಸಾರ ಎಂದರು. ಒಳಗಿನ ಮಾತು ಬೇರೆ ಇತ್ತು, ಅದನ್ನೂ ಅವತ್ತು ಅವರೇ ಹೇಳಿದರು. ತಂಗಿ ಹೋದರೆ ಆ ಮನೆಯಲ್ಲಿ ತಾನೊಬ್ಬಳೇ ಆಗುತ್ತೇನೆ ಎನ್ನುವ ಭಯ. ಭಯವಾಗುತ್ತೆ ಕಣೇ ಎಂದು ಬಾಯಿಬಿಟ್ಟು ಹೇಳಿದ್ದರೆ ಆ ಹುಡುಗಿ ಏನಾದರೂ ದಾರಿ ಮಾಡುತ್ತಿದ್ದಳೋ ಏನೋ. ಇವರು ಹೇಳಿದ್ದು ಹುಡುಗನ ಮೇಲಿನ ದೂರು ಮಾತ್ರ.

ಮದುವೆಯ ದಿನ ಬೆಳಿಗ್ಗೆ ತಂಗಿ ರಾಣಿಯ ಕೋಣೆಗೇ ಬಂದು ಕರೆದಳು.

"ಅಕ್ಕಾ, ಬಾ. ನೀನಿಲ್ದೆ ಹೇಗೆ?"

"ನನಗೆ ಡ್ಯೂಟಿ ಇದೆ" ಎಂದರು ಇವರು, ಮಂಚದ ಕಡೆ ನೋಡುತ್ತ.

"ಸರಿ. ಇನ್ನು ನೀನಾಗಿ ಕರೆದರೆ ಮಾತ್ರ ನಾನು ಬರೋದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೊದಲ ಎರಡು ವರ್ಷ ಇವರು ಹಟಕ್ಕೆ ಕರೆಯಲಿಲ್ಲ. ಮೂರನೆಯ ವರ್ಷ ಹಟ ಕರಗಿ ಕಾಗದ ಬರೆದರೆ, ಆ ವಿಳಾಸದಲ್ಲಿ ಯಾರೂ ಇಲ್ಲ ಎಂದು ಕಾಗದ ವಾಪಸು ಬಂತು. ಬಸ್ ಕಂಪನಿ ಮುಚ್ಚಿಹೋಗಿತ್ತು. ಕೇಳಲು ಬೇರೆ ನೆಂಟರಿರಲಿಲ್ಲ.

"ಅವಳೆಲ್ಲಿದ್ದಾಳೋ ನನಗೆ ಗೊತ್ತಿಲ್ಲ" ಎಂದರು. "ಆದ್ರೆ ನಾನೆಲ್ಲಿ ಕೂತಿರ್ತೀನಿ ಅಂತ ಅವಳಿಗೆ ಗೊತ್ತಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಒಂದಲ್ಲ ಒಂದು ದಿನ ಕೋಟೆ ನೋಡೋಕೆ ಅಂತ ಬಂದೇ ಬರ್ತಾಳೆ. ಅವತ್ತು ಆ ಕುರ್ಚೀಲಿ ಬೇರೆ ಯಾರೋ ಕೂತಿದ್ರೆ?"

ಹದಿನೆಂಟು ವರ್ಷ ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಆ ಕಣ್ಣು ಮಾತ್ರ ಎಲ್ಲರ ಕೈಗಳ ಮೇಲಿತ್ತು.

ಅವರು ನಿವೃತ್ತರಾಗುವುದಕ್ಕೆ ಏಳು ತಿಂಗಳಿದ್ದಾಗ, ಚಳಿ ಜೋರಾಗಿದ್ದ ಒಂದು ದಿನ, ಯಾವುದೋ ಶಾಲೆಯ ಅರವತ್ತು ಮಕ್ಕಳು ಬಂದಿಳಿದರು. ಅರವತ್ತು ಚೀಲ, ಅರವತ್ತು ನೀರಿನ ಬಾಟಲಿ. ನನ್ನ ಕಿಂಡಿಯ ಮುಂದೆ ಸಂತೆ. ಆ ಗದ್ದಲದ ನಡುವೆ ಒಬ್ಬ ಹೆಂಗಸು ತಲೆಗೆ ಶಾಲು ಸುತ್ತಿಕೊಂಡು, ಉಣ್ಣೆಯ ಕೈಗವಸು ಹಾಕಿಕೊಂಡು ನಿಂತಿದ್ದಳು. ಕೈಯಲ್ಲಿ ಚೀಲ ಇರಲಿಲ್ಲ. ಚೀಲ ಇಲ್ಲದವರಿಗೆ ನನ್ನ ಹತ್ತಿರ ಏನು ಕೆಲಸ ಎಂದು ಆಗಲೇ ನನಗೆ ಸಿಟ್ಟು.

"ರಾಣಿ ಕೋಣೇಲಿ ಕಾವಲಿಗೆ ಕೂರ್ತಾರಲ್ಲ, ಅವರ ಹತ್ರ ಮಾತಾಡಬಹುದಾ?" ಎಂದು ಕೇಳಿದಳು.

"ಬೋರ್ಡ್ ಕಾಣಲ್ವೇನಮ್ಮಾ? ಕಾವಲಿನವರ ಜೊತೆ ಮಾತಾಡೋ ಹಾಗಿಲ್ಲ. ನೋಡೋಕೆ ಬಂದಿದ್ದೀರಿ, ನೋಡ್ಕೊಂಡು ಹೋಗಿ."

ಅವಳು ಬೋರ್ಡಿನ ಕಡೆ ನೋಡಿದಳು, ತಲೆಯಾಡಿಸಿದಳು, ಹೋದಳು. ಅಕ್ಕನ ಕತೆಯೆಲ್ಲ ಗೊತ್ತಿದ್ದ ನನಗೆ ಆ ಕ್ಷಣ ಹೊಳೆಯಬೇಕಿತ್ತು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ. ನಾನು ನಲವತ್ತೊಂದನೆಯ ಚೀಲಕ್ಕೆ ಬಿಲ್ಲೆ ಹುಡುಕುತ್ತಿದ್ದೆ.

ಮೇಲೆ ರಾಣಿಯ ಕೋಣೆಯಲ್ಲಿ ನಡೆದದ್ದನ್ನು ಅಕ್ಕ ಅವತ್ತು ಸಂಜೆ ಹೇಳಿದರು. ಬಸ್ಸಿನಲ್ಲಿ ಬಂದ ಪ್ರವಾಸಿಗರ ಗುಂಪೊಂದು ಕೋಣೆಯಲ್ಲಿ ತುಂಬಿತ್ತು. ಮಕ್ಕಳ ಸದ್ದು ಮೆಟ್ಟಿಲ ಮೇಲೆ ಕೇಳುತ್ತಿತ್ತು, ಅವು ಬಂದು ನುಗ್ಗುವ ಮೊದಲು ಕೋಣೆ ಖಾಲಿಯಾಗಲಿ ಎಂದು ಇವರು ಮಂಚಕ್ಕೆ ಒತ್ತಿ ನಿಂತಿದ್ದರು. ಗುಂಪೆಲ್ಲ ಹೋಯಿತು. ಕೈಗವಸಿನ ಒಂದು ಕೈ ಮಾತ್ರ ಉಳಿಯಿತು. ಅದು ನಿಧಾನಕ್ಕೆ ಮೇಲೆದ್ದು, ಇವರ ಕಡೆಗೆ ಬಂತು. ಇವರ ಹಿಂದೆಯೇ ಜರಿ ಹೊದಿಕೆ ಇತ್ತು.

"ಮುಟ್ಟಬೇಡಿ" ಎಂದರು ಅಕ್ಕ.

ಕೈ ನಿಂತಿತು. ಅದು ಬಂದದ್ದು ಹೊದಿಕೆಗಲ್ಲ, ಇವರ ಭುಜಕ್ಕೆ. ಹೊದಿಕೆ ಮುಟ್ಟಲು ಬರುವ ಕೈ ಅಷ್ಟು ಎತ್ತರಕ್ಕೆ ಬರುವುದಿಲ್ಲ ಎಂದು ಆಮೇಲೆ ಎಷ್ಟು ಸಲ ಹೇಳಿಕೊಂಡರೋ! ಇಪ್ಪತ್ತೇಳು ವರ್ಷದಲ್ಲಿ ಆ ಕೋಣೆಯಲ್ಲಿ ಅವರನ್ನು ಮುಟ್ಟಲು ಯಾರೂ ಕೈ ಚಾಚಿರಲಿಲ್ಲ. ಹಾಗೆ ಒಂದು ಕೈ ಬರಬಹುದು ಎನ್ನುವುದೇ ಅವರಿಗೆ ತಿಳಿಯಲಿಲ್ಲ.

"ಸರಿ, ಮುಟ್ಟಲ್ಲ" ಎಂದಿತು ಒಂದು ದನಿ, ಮೆಲ್ಲಗೆ. ಅಷ್ಟರಲ್ಲಿ ಮಕ್ಕಳು ನುಗ್ಗಿದರು. ಇವರ ಕಣ್ಣು ಹೊಸ ಕೈಗಳ ಕಡೆ ಹೋಯಿತು. ನಾಲ್ಕಾರು ಸಲ ಮುಟ್ಟಬೇಡಿ, ಮುಟ್ಟಬೇಡಿ ಎಂದು ಗದರಿ, ಒಮ್ಮೆ ತಲೆಯೆತ್ತಿ ಬಾಗಿಲಾಚೆ ನೋಡಿದರೆ, ಉದ್ದನೆಯ ಪಡಸಾಲೆಯ ಆ ತುದಿಯಲ್ಲಿ ಒಬ್ಬ ಹೆಂಗಸು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದುಹೋಗುತ್ತಿದ್ದಳು.

ಅಕ್ಕ ಕುರ್ಚಿ ಬಿಟ್ಟು ಓಡಿದರು. ಒಂದೇ ದಿಕ್ಕಿನ ದಾರಿಯಲ್ಲಿ, ಅರವತ್ತು ಮಕ್ಕಳ ನಡುವೆ, ಅರವತ್ತು ವರ್ಷದ ಹೆಂಗಸು. ಒಂದು ಮೆಟ್ಟಿಲು ತಪ್ಪಿ ಮಂಡಿ ತರಚಿತು. ನನ್ನ ಕಿಂಡಿಯ ಹತ್ತಿರ ಬಂದು ಏದುಸಿರು ಬಿಡುತ್ತ ಕೇಳಿದರು.

"ಕೈಗವಸು... ಕೈಗವಸು ಹಾಕ್ಕೊಂಡಿದ್ದೋಳು, ಚೀಲ ತಗೊಂಡಳಾ?"

"ಚೀಲ ಇಟ್ಟೇ ಇರ್ಲಿಲ್ವಲ್ಲಕ್ಕಾ" ಎಂದೆ. ಹಾಗೆ ಹೇಳುವಾಗಲೇ ಅವಳು ಯಾರೆಂದು ಹೊಳೆದು, ಕಿಂಡಿ ಬಿಟ್ಟು ಹೊರಗೆ ಬಂದೆ.

ಇಬ್ಬರೂ ಬಸ್ ನಿಲ್ದಾಣದವರೆಗೆ ಹೋದೆವು. ಎರಡು ಬಸ್ಸು ಆಗತಾನೇ ಹೊರಟಿದ್ದವು, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಅಕ್ಕ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತರು. ಅವರು ಅಳಲಿಲ್ಲ. ತಮ್ಮ ಎರಡು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತ ಕೂತಿದ್ದರು. ನಾನು ನನ್ನ ಬೋರ್ಡಿನ ಮಾತನ್ನು ಅಲ್ಲೇ ಒಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

"ನೀನು ಬೋರ್ಡ್ ತೋರಿಸಿದೆ, ನಾನು ಬಾಯಲ್ಲೇ ಹೇಳಿದೆ" ಎಂದರು.

ಇತ್ತ ಕಾವಲಿಲ್ಲದ ಕೋಣೆಯಲ್ಲಿ ಮೂವರು ಮಕ್ಕಳು ರಾಣಿಯ ಮಂಚ ಹತ್ತಿ ಕುಣಿದಿದ್ದರು. ಮೇಲ್ವಿಚಾರಕರು ಮೆಮೊ ಕೊಟ್ಟರು. ಅಷ್ಟು ವರ್ಷದಲ್ಲಿ ಅವರಿಗೆ ಬಂದ ಮೊದಲ ಮೆಮೊ. ಅದನ್ನು ನಾಲ್ಕಾಗಿ ಮಡಿಸಿ ಊಟದ ಡಬ್ಬಿಯ ಚೀಲದೊಳಗೆ ಹಾಕಿಕೊಂಡರು.

ಆಮೇಲಿನ ಏಳು ತಿಂಗಳು ಅವರು ಮುಟ್ಟಬೇಡಿ ಎಂಬ ಮಾತನ್ನೇ ಆಡಲಿಲ್ಲ. ಯಾರು ಒಳಗೆ ಬಂದರೂ ಎದ್ದು ನಿಂತು ಮುಖ ನೋಡುತ್ತಿದ್ದರು. ಕೆಲವರು ಗಾಬರಿಯಾಗಿ, ಯಾಕಮ್ಮಾ ಹಾಗೆ ನೋಡ್ತೀರಿ ಎಂದು ಕೇಳಿದ್ದೂ ಉಂಟು. ಜರಿ ಹೊದಿಕೆಯ ಒಂದು ಮೂಲೆ ಜನರ ಕೈಯಾಡಿ ಮಾಸಿತು. ಇನ್ನೂ ಎರಡು ಮೆಮೊ ಬಂದವು. ಮಧ್ಯಾಹ್ನ ಊಟದ ಹೊತ್ತಿಗೆ ಅವರು ಕೆಳಗೆ ಇಳಿದು ಬರುವುದನ್ನು ನಿಲ್ಲಿಸಿದರು. ನಾನೂ ಒಬ್ಬನೇ ತಿನ್ನುವುದನ್ನು ರೂಢಿ ಮಾಡಿಕೊಂಡೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ನಿವೃತ್ತರಾಗುವವರು ಕೊನೆಯ ದಿನ ಸಮವಸ್ತ್ರ ಬಿಚ್ಚಿಟ್ಟು, ಟಿಕೆಟ್ ಹಿಡಿದು, ಪ್ರವಾಸಿಯ ಹಾಗೆ ಹೆಬ್ಬಾಗಿಲಿಂದ ಕೊನೆಯ ಬಾಗಿಲವರೆಗೆ ಕೋಟೆ ನೋಡಬೇಕು. ನಾವೆಲ್ಲ ನಮ್ಮ ನಮ್ಮ ಜಾಗದಲ್ಲಿ ನಿಂತು, ಗುರುತೇ ಇಲ್ಲದವರಂತೆ, "ಈ ಕಡೆ ಬನ್ನಿ, ಮೆಟ್ಟಿಲು ನೋಡ್ಕೊಂಡು" ಎನ್ನಬೇಕು. ನಗು ತಡೆಯಲಾರದ ಆಟ ಅದು. ಕೆಲಸದವರು ಓಡಾಡುವುದು ಹಿಂಬದಿಯ ಸುರುಳಿ ಮೆಟ್ಟಿಲಲ್ಲಿ. ಹಾಗಾಗಿ ಇಪ್ಪತ್ತೇಳು ವರ್ಷ ಅಲ್ಲೇ ಇದ್ದರೂ ಅಕ್ಕ ಕೋಟೆಯನ್ನು ಒಮ್ಮೆಯೂ ಪೂರ್ತಿ ನೋಡಿರಲಿಲ್ಲ. ಆಯುಧಗಳ ಕೋಣೆ ಎಡಕ್ಕೋ ಬಲಕ್ಕೋ ಅವರಿಗೆ ತಿಳಿಯದು.

ಅವತ್ತು ಅವರು ಮಾಸಲು ನೀಲಿ ಬಟ್ಟೆ ಉಟ್ಟು ಬಂದರು. ಕಂಕುಳಲ್ಲಿ ನಾವು ಕೊಟ್ಟ ಗೋಡೆ ಗಡಿಯಾರದ ಡಬ್ಬ. "ಚೀಲ ಇಲ್ಲೇ ಇಡಬೇಕಮ್ಮಾ" ಎಂದೆ. ಡಬ್ಬ ಕೊಟ್ಟು ಬಿಲ್ಲೆ ತೆಗೆದುಕೊಂಡರು. ರಾಣಿಯ ಕೋಣೆಯಲ್ಲಿ ಅವರ ಕುರ್ಚಿಯಲ್ಲಿ ಹೊಸಬಳೊಬ್ಬಳು ಕೂತಿದ್ದಳಂತೆ, ಅವಳು ಆಟ ಎಂದು ತಿಳಿದೂ ತಿಳಿಯದೆ ಕೈಗಳನ್ನೇ ನೋಡಿದಳಂತೆ. ಅಕ್ಕ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಕೊನೆಗೆ ಪುಸ್ತಕ. ಪ್ರವಾಸಿಯ ಆಟದಲ್ಲಿ ಅದರಲ್ಲಿ ಬರೆಯುವುದೂ ಸೇರಿದೆ. ಅಕ್ಕ ಓರೆ ಮೇಜಿನ ಮುಂದೆ ನಿಂತು ಪೆನ್ನು ಹಿಡಿದವರು ಬರೆಯಲಿಲ್ಲ. ಕಲಮುಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಹಾಳೆಗಳನ್ನು ಹಿಂದಕ್ಕೆ ತಿರುವಲು ಶುರುಮಾಡಿದರು, ಮೊದಲು ನಿಧಾನಕ್ಕೆ, ಆಮೇಲೆ ಬೇಗ ಬೇಗ. ತಂಗಿ ಬಂದ ದಿನದ ತಾರೀಖು ಅವರಿಗೆ ಬಾಯಿಪಾಠವಾಗಿತ್ತು, ಮೆಮೊದಲ್ಲಿ ಅದೇ ತಾರೀಖು ಇತ್ತು.

ನಾನು ಕಿಂಡಿ ಬಿಟ್ಟು ಹೋಗಿ ಪಕ್ಕದಲ್ಲಿ ನಿಂತೆ. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು. ತಂಗಿಯ ಹೆಸರು. ಮನೆ ನಂಬರು, ಬೀದಿ, ಊರು ಬಿಡದೆ ಪೂರ್ತಿ ವಿಳಾಸ. ಇಷ್ಟವಾದದ್ದು ಎನ್ನುವಲ್ಲಿ, ‘ರಾಣಿಯ ಕೋಣೆ. ಅಲ್ಲಿ ಕಾಯುವವರು ಚೆನ್ನಾಗಿ ಕಾಯುತ್ತಾರೆ.’ ಮತ್ತೆ ಬರುವಿರಾ ಎನ್ನುವಲ್ಲಿ ಒಂದೇ ಮಾತು, ‘ಕರೆದರೆ.’

ಅದರ ಪಕ್ಕದಲ್ಲಿ ಪೆನ್ಸಿಲಿನ ಒಂದು ಸಣ್ಣ ಅಡ್ಡಗೆರೆ.

"ಇದು ಯಾರು ಎಳೆದಿದ್ದು?" ಎಂದು ಅಕ್ಕ ಕೇಳಿದರು.

"ನಾನು" ಎಂದೆ. "ಇಲ್ಲ ಅಂತ ಲೆಕ್ಕ ಹಾಕಿದ್ದೆ."

ಏಳು ತಿಂಗಳು ಆ ವಿಳಾಸ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ನಾನು ಅದರ ಮೇಲೆ ಪೆನ್ಸಿಲ್ ಆಡಿಸಿ ಮುಂದಿನ ಸಾಲಿಗೆ ಹೋಗಿದ್ದೆ. ನನ್ನನ್ನು ಯಾರಾದರೂ ಹಿಡಿದು ಬಾರಿಸಿದ್ದರೆ ನೆಮ್ಮದಿಯಾಗುತ್ತಿತ್ತು. ಅಕ್ಕ ನನ್ನ ಮುಖವನ್ನೇ ನೋಡಿದರು. ಟಿಕೆಟ್ಟಿನ ಹಿಂಬದಿಗೆ ವಿಳಾಸ ಬರೆದುಕೊಂಡರು. ಮನೆ ನಂಬರನ್ನು ಎರಡು ಸಲ ಬರೆದರು.

"ಇವತ್ತೇ ಹೋಗ್ತೀರಾ?"

"ಕರೀಬೇಕಲ್ಲ. ಹದಿನೆಂಟು ವರ್ಷ ಆಯ್ತು."

ಆ ಊರಿಗೆ ನಾಲ್ಕು ಗಂಟೆಯ ದಾರಿ. ನಾನೇ ಗಡಿಯಾರದ ಡಬ್ಬ ಹೊತ್ತು ಅವರನ್ನು ನಿಲ್ದಾಣಕ್ಕೆ ಬಿಟ್ಟೆ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಅವರು ಕೇಳಿದರು.

"ಬಾಗಿಲು ತೆಗೆದಾಗ ಮೊದಲು ಏನು ಅನ್ನಲಿ?"

"ಏನೂ ಅನ್ನಬೇಡಿ ಅಕ್ಕಾ. ಕೈ ಹಿಡ್ಕೊಳ್ಳಿ" ಎಂದೆ. ಬಸ್ಸು ಹೊರಟಿತು. ಕಿಟಕಿಯಿಂದ ಕೈ ಬೀಸುತ್ತಾರೇನೋ ಎಂದು ನೋಡಿದೆ. ಎರಡು ಕೈಯಲ್ಲೂ ವಿಳಾಸ ಬರೆದ ಟಿಕೆಟ್ಟು ಹಿಡಿದುಕೊಂಡು ಕೂತಿದ್ದರು.

ವಾಪಸು ಬಂದು ಹಳೆಯ ಕಡತ ತೆಗೆದೆ. ಆ ತಿಂಗಳ ವರದಿಯ ಪ್ರತಿಯಲ್ಲಿ ‘ಇಲ್ಲ’ ಎನ್ನುವಲ್ಲಿ ಹದಿನಾಲ್ಕು ಎಂದಿತ್ತು. ಕಳಿಸಿದ ವರದಿಯನ್ನು ತಿದ್ದುವ ಹಾಗಿಲ್ಲ, ತಿದ್ದಿದರೆ ಮೆಮೊ. ಹೊಡೆದುಹಾಕಿ ಹದಿಮೂರು ಎಂದು ಬರೆದೆ. ಪುಸ್ತಕದಲ್ಲಿದ್ದ ಅಡ್ಡಗೆರೆಯನ್ನೂ ಅಳಿಸಿದೆ.

ಆ ಒಂದನ್ನು ‘ಹೌದು’ ಕಡೆಗೆ ಇನ್ನೂ ಸೇರಿಸಿಲ್ಲ. ಅವರು ಹೋಗಿ ಐದು ವಾರವಾಯಿತು. ಸುದ್ದಿ ಬಂದಿಲ್ಲ. ಅವರ ಮನೆಯ ಬಾಗಿಲಿಗೆ ಬೀಗ ಇದೆ, ಎರಡು ಸಲ ಹೋಗಿ ನೋಡಿ ಬಂದೆ. ತಂಗಿಯ ಮನೆಯಲ್ಲೇ ಉಳಿದಿರಬಹುದು ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದನ್ನೇ ನಾನೂ ಹೇಳಿಕೊಳ್ಳುತ್ತೇನೆ. ಈಗ ಚೀಲ ತೆಗೆದುಕೊಳ್ಳುವಾಗ ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ, ಸಾಲು ಬೆಳೆಯುತ್ತದೆ, ಜನ ಬೈಯುತ್ತಾರೆ. ಪೆನ್ಸಿಲು ಮೇಜಿನ ಮೇಲೇ ಇದೆ.